ನನಗೆ ತಿಳಿಯುವ ಭಾಷೆಯಲ್ಲಿ

ಪುಸ್ತಕ ವಿಮರ್ಶೆ ಬರೆಯುವವರು ಮುಟ್ಟದ ಒಂದು ಗದ್ಯ ಪ್ರಕಾರ ಇದೆ. ಅದಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿ ಇಲ್ಲ, ಬಿಡುಗಡೆ ಸಮಾರಂಭವಂತೂ ಇಲ್ಲವೇ ಇಲ್ಲ. ಆದರೂ ಪ್ರತಿಯೊಂದು ಪ್ರತಿಯ ಮೇಲೂ ಸಹಿ ಬೀಳುತ್ತೆ. ಬರೆದವರದ್ದಲ್ಲ, ಓದಿದವರದ್ದು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಕೈಗೆ ಕೊಡ್ತಾರಲ್ಲ, ಆ ಕಾಗದಗಳ ಬಗ್ಗೆ ಹೇಳ್ತಿದೀನಿ. ಒಪ್ಪಿಗೆ ಪತ್ರ, ಸೂಚನೆಗಳ ಹಾಳೆ, ಖರ್ಚಿನ ಅಂದಾಜು, ವ್ಯಾಯಾಮದ ಚೀಟಿ.

ನನ್ನ ಬೀರುವಿನಲ್ಲಿ ಇಂಥ ಎರಡು ಫೈಲುಗಳಿವೆ. ಒಂದು ನನ್ನದು. ಹತ್ತು ವರ್ಷ ಕುರ್ಚಿಯಲ್ಲಿ ಕೂತು ಕೋಡ್ ಬರೆದ ಸೊಂಟ, ಕೊನೆಯ ಡಿಸ್ಕು ಹೊರಗೆ ಚಾಚಿಕೊಂಡು ಎಡಗಾಲಿನ ನರ ಒತ್ತುತ್ತಿತ್ತು. ವೈದ್ಯರ ಲೆಕ್ಕದಲ್ಲಿ ಎಲ್5-ಎಸ್1. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು. ಇನ್ನೊಂದು ಫೈಲು ಅವ್ವನದು. ಅವ್ವ ಇರೋದು ಶಿವನಿಯಲ್ಲಿ, ಅಜ್ಜಂಪುರದ ಹತ್ತಿರ. ಮೂವತ್ತು-ನಲವತ್ತು ವರ್ಷ ಈರುಳ್ಳಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದು, ಗಡ್ಡೆ ಕೊಯ್ದು ಬಲಮಂಡಿ ಸವೆದುಹೋಗಿತ್ತು. ಜಿಲ್ಲೆಯಾಚೆಯ ಒಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮಂಡಿ ಬದಲಾಯಿಸಿದರು. ಎರಡೂ ಆಪರೇಷನ್ ಚೆನ್ನಾಗೇ ಆದವು. ಆದ್ದರಿಂದ ಇದು ಗೋಳಿನ ಕತೆಯಲ್ಲ. ಎರಡು ಫೈಲುಗಳನ್ನು ಪಕ್ಕಪಕ್ಕ ಇಟ್ಟು ಓದಿದ ಒಂದು ವಿಮರ್ಶೆ, ಅಷ್ಟೇ.

ಮೊದಲು, ಎರಡರಲ್ಲೂ ಇರುವ ಒಂದು ವಾಕ್ಯ. ನನ್ನ ಫೈಲಿನಲ್ಲಿ ಅದು ಇಂಗ್ಲಿಷಿನಲ್ಲಿದೆ: ಆಪರೇಷನ್ನಿನ ವಿವರಗಳನ್ನೆಲ್ಲ ನನಗೆ ತಿಳಿಯುವ ಭಾಷೆಯಲ್ಲಿ ನನಗೆ ವಿವರಿಸಲಾಗಿದೆ. ನನಗೆ ತಿಳಿಯುವ ಭಾಷೆ ಯಾವುದು ಅಂತ ಆ ವಾಕ್ಯ ಕೇಳಲ್ಲ. ನಾನು ಇಂಗ್ಲಿಷ್ ಓದಬಲ್ಲೆ, ಸರಿ. ಆದರೆ ಪಕ್ಕದ ಬೆಡ್ಡಿನಲ್ಲಿ ಚನ್ನಗಿರಿ ಕಡೆಯ ಒಬ್ಬ ಅಜ್ಜ ಇದ್ದರು. ಅವರೂ ಅದೇ ಇಂಗ್ಲಿಷ್ ವಾಕ್ಯದ ಕೆಳಗೆ ಹೆಬ್ಬೆಟ್ಟು ಒತ್ತಿದರು. "ತಿಳಿಯುವ ಭಾಷೆಯಲ್ಲಿ ಹೇಳಿದ್ದಾರೆ" ಅನ್ನುವ ಮಾತನ್ನೇ ತಿಳಿಯದ ಭಾಷೆಯಲ್ಲಿ ಅಚ್ಚು ಹಾಕಿ, ಅದಕ್ಕೊಂದು ಹೆಬ್ಬೆಟ್ಟು. ಕನ್ನಡದ ಯಾವ ವಿಡಂಬನಕಾರರಿಗೂ ಇಷ್ಟು ಸಲೀಸಾಗಿ ಇಂಥದ್ದು ಹೊಳೆಯಲಿಕ್ಕಿಲ್ಲ.

ಅವ್ವನ ಫೈಲಿನಲ್ಲಿ ಇದೇ ವಾಕ್ಯ ಕನ್ನಡದಲ್ಲಿತ್ತು. ಹಾಗಾದರೆ ಪರವಾಗಿಲ್ಲವೇ ಅಂತೀರಾ? ನೋಡೋಣ. "ಸದರಿ ಶಸ್ತ್ರಚಿಕಿತ್ಸೆಯ ಸಾಧಕ ಬಾಧಕಗಳನ್ನು ನನಗೆ ಸಂಪೂರ್ಣವಾಗಿ ಮನವರಿಕೆ ಮಾಡಿಕೊಡಲಾಗಿದೆ" ಅನ್ನೋ ಧಾಟಿ. ಯಾರು ಮಾಡಿಕೊಟ್ಟರು? ವಾಕ್ಯದಲ್ಲಿ ಆಸಾಮಿಯೇ ಇಲ್ಲ. ನಮ್ಮ ಮನೆಯಲ್ಲಿ ಯಾರೂ "ಹಾಲು ಕರೆಯಲಾಗಿದೆ" ಅನ್ನಲ್ಲ, ಇಂಥವರು ಕರೆದರು ಅಂತೀವಿ. "ಲಾಗಿದೆ" ಅನ್ನೋದು ತಾಲ್ಲೂಕು ಕಚೇರಿಯ ಕನ್ನಡ. ಕೆಲಸ ಆಗಿದೆ, ಮಾಡಿದವರು ಸಿಗಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಲಾಗ್ ಫೈಲಿನಲ್ಲಿ ಯೂಸರ್ ಹೆಸರೂ ಇಲ್ಲದೆ, ಟೈಮೂ ಇಲ್ಲದೆ "ಎಲ್ಲ ಸರಿಯಾಗಿ ನಡೆಯಿತು" ಅಂತ ಮಾತ್ರ ಇದ್ದರೆ ಅದನ್ನು ಯಾವ ಟೀಮ್ ಲೀಡೂ ಒಪ್ಪಲ್ಲ. ಇಲ್ಲಿ ಅದು ಕಾನೂನಿನ ದಾಖಲೆ.

ಇನ್ನೂ ಒಂದು ಸೂಕ್ಷ್ಮ ಇದೆ. ವಾಕ್ಯ ಭೂತಕಾಲದಲ್ಲಿದೆ. ಓದುಗ ಇನ್ನೂ ಮೊದಲ ಸಾಲಿನಲ್ಲಿರುವಾಗಲೇ ವಿವರಣೆ ಮುಗಿದುಹೋಗಿದೆ. ಕಾಗದ ನಮಗೆ ಏನನ್ನೂ ತಿಳಿಸಲು ಹೊರಟಿಲ್ಲ, ತಿಳಿಸಿಯಾಗಿದೆ ಅಂತ ನಮ್ಮ ಬಾಯಲ್ಲಿ ಹೇಳಿಸಿಕೊಳ್ಳಲು ಹೊರಟಿದೆ. ಈ ಗದ್ಯದ ಎಲ್ಲ ದೋಷಗಳ ಬೇರು ಇದೇ ಅಂತ ನನಗನ್ನಿಸುತ್ತೆ. ರೋಗಿಯನ್ನು ಆಪರೇಷನ್ನಿಗೆ ತಯಾರು ಮಾಡಬೇಕಾದ ಕಾಗದ, ಆಸ್ಪತ್ರೆಯನ್ನು ಕೋರ್ಟಿಗೆ ತಯಾರು ಮಾಡುತ್ತಾ ಇದೆ.

ತಮಾಷೆ ಅಂದ್ರೆ, ಕೋರ್ಟು ಕೇಳಿದ್ದೂ ಇದನ್ನಲ್ಲ. ಸಮೀರಾ ಕೊಹ್ಲಿ ವಿರುದ್ಧ ಡಾ. ಪ್ರಭಾ ಮನ್‌ಚಂದಾ ಅನ್ನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರ ಜನವರಿ 16ರಂದು ಕೊಟ್ಟ ತೀರ್ಪು ಈ ವಿಷಯದಲ್ಲಿ ನಮ್ಮ ದೇಶದ ಮುಖ್ಯ ತೀರ್ಪು. ಪ್ರಕರಣ 1995ರದ್ದು. ನಲವತ್ತನಾಲ್ಕು ವರ್ಷದ ಮಹಿಳೆ, ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ಪರೀಕ್ಷೆ ಮಾಡುವುದಕ್ಕೆ ಒಪ್ಪಿದ್ದರು. ಅವರು ಮತ್ತಿನಲ್ಲಿರುವಾಗ, ಹೊರಗೆ ಕೂತಿದ್ದ ಅವರ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಕೋರ್ಟು ಹೇಳಿದ್ದರ ಸಾರ ಇಷ್ಟು: ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ ಬೇರೆ ಯಾರೂ ಒಪ್ಪಿಗೆ ಕೊಡುವ ಹಾಗಿಲ್ಲ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗಲ್ಲ. ಒಪ್ಪಿಗೆಗೆ ಮುಂಚೆ ರೋಗಿಗೆ ಕೆಲವು ವಿಷಯ ಗೊತ್ತಾಗಲೇಬೇಕು: ಏನು ಮಾಡ್ತಾರೆ, ಯಾಕೆ ಮಾಡ್ತಾರೆ, ಏನು ಉಪಯೋಗ, ಬೇರೆ ದಾರಿ ಏನಿದೆ, ಮುಖ್ಯ ಅಪಾಯಗಳೇನು, ಮಾಡಿಸಿಕೊಳ್ಳದೇ ಇದ್ದರೆ ಏನಾಗುತ್ತೆ. ದೂರದ, ತೀರಾ ಅಪರೂಪದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ ಹೆದರಿಸಬೇಕಾಗಿಲ್ಲ ಅಂತಲೂ ಕೋರ್ಟೇ ಹೇಳಿದೆ.

ಆರು ಪ್ರಶ್ನೆ. ವಿಮರ್ಶೆಗೆ ಇದಕ್ಕಿಂತ ಒಳ್ಳೆ ಅಳತೆಗೋಲು ಬೇಕಾ?

ನನ್ನ ಫೈಲನ್ನು ಇದರಲ್ಲಿ ಅಳೆಯೋಣ. "ಏನು ಮಾಡ್ತಾರೆ" ಎಂಬಲ್ಲಿ ಒಂದು ಲ್ಯಾಟಿನ್ ಮೂಲದ ಉದ್ದ ಪದ, ಕೈಬರಹದಲ್ಲಿ. "ಅಪಾಯಗಳು" ಎಂಬಲ್ಲಿ ಸೋಂಕು, ರಕ್ತಸ್ರಾವ, ಪಾರ್ಶ್ವವಾಯು, ಸಾವು. ನಾಲ್ಕೂ ಒಂದೇ ಉಸಿರಿನಲ್ಲಿ, ಅಲ್ಪವಿರಾಮ ಹಾಕಿಕೊಂಡು, ಸಂತೆ ಸಾಮಾನಿನ ಚೀಟಿ ಥರ. ಯಾವುದು ಸಾಮಾನ್ಯ, ಯಾವುದು ಅಪರೂಪ ಅನ್ನೋ ಸುಳಿವೇ ಇಲ್ಲ. "ಬೇರೆ ದಾರಿ" ಎಂಬ ಜಾಗ ಖಾಲಿ.

ಆ ಖಾಲಿ ಜಾಗದಲ್ಲಿ ಏನು ಇರಬಹುದಿತ್ತು ಅಂತ ಒಂದು ಉದಾಹರಣೆ ಕೊಡ್ತೀನಿ. ನೆದರ್‌ಲ್ಯಾಂಡ್ಸಿನಲ್ಲಿ ಡಿಸ್ಕಿನಿಂದ ಕಾಲುನೋವು ಬಂದ 283 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದು ಗುಂಪಿಗೆ ಮಾತ್ರೆ, ಫಿಸಿಯೋಥೆರಪಿ, ಕಾಯುವುದು, ತಡೆಯಲಾಗದಿದ್ದರೆ ಆಮೇಲೆ ಆಪರೇಷನ್. ಆಪರೇಷನ್ ಆದವರ ನೋವು ಬೇಗ ಇಳಿಯಿತು. ವರ್ಷ ಕಳೆದ ಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಜನ ಗುಣವಾಗಿದ್ದರು. ಕಾಯುವ ಗುಂಪಿನ ಹತ್ತರಲ್ಲಿ ಸುಮಾರು ನಾಲ್ವರು ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು. ಹಾಗಂತ ಎಲ್ಲರೂ ಕಾಯಬೇಕು ಅಂತಲ್ಲ. ಪಾದ ಎತ್ತಲು ಬಾರದಷ್ಟು ಬಲ ಕುಂದಿದರೆ, ಉಚ್ಚೆ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅದು ತುರ್ತು, ಗಂಟೆಗಳ ಲೆಕ್ಕ. ಉಳಿದವರಿಗೆ ಇದು ಆಯ್ಕೆ. ಬೇಗ ನೋವು ಕಳಕೊಂಡು ಕೆಲಸಕ್ಕೆ ಮರಳಬೇಕಾ, ಚಾಕು ಬೇಡ ಅಂತ ಒಂದಷ್ಟು ತಿಂಗಳು ತಡೆದುಕೊಳ್ಳುತ್ತೀರಾ? ನಾನು ಮೊದಲನೆಯದನ್ನು ಆರಿಸಿಕೊಂಡೆ, ಈಗಲೂ ಅದೇ ಸರಿ ಅನ್ನಿಸುತ್ತೆ. ಆದರೆ ಆಯ್ಕೆ ಮಾಡಿಕೊಳ್ಳುತ್ತಾ ಇದೀನಿ ಅಂತ ನನಗೆ ಗೊತ್ತಾಗಿದ್ದು ಇಂಟರ್‌ನೆಟ್ಟಿನಿಂದ, ಫೈಲಿನಿಂದ ಅಲ್ಲ.

ಇನ್ನೊಂದು. ಬೆನ್ನಿನ ಆಪರೇಷನ್ ಅಂದ ತಕ್ಷಣ ಶಿವನಿಯಲ್ಲಿ ಹಬ್ಬಿದ ಮಾತು ಒಂದೇ: "ಬೆನ್ನಿಗೆ ಕೈ ಹಾಕಿಸ್ಕಂಡ್ರೆ ಮುಗೀತು, ಹಾಸಿಗೇನೇ ಗತಿ." ದೊಡ್ಡಪ್ಪ, ಅತ್ತೆ, ಪಕ್ಕದ ಮನೆಯವರು, ಎಲ್ಲರೂ ಫೋನ್ ಮಾಡಿ ಇದನ್ನೇ ಹೇಳಿದರು. ಅವರಿಗೆ ಹೇಳಬಹುದಾದ ಒಂದು ಸರಳ ಸಂಗತಿ ಇದೆ. ಮಿದುಳಿನಿಂದ ಇಳಿಯುವ ಬೆನ್ನುಹುರಿ ದೊಡ್ಡವರಲ್ಲಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತೆ. ಅಲ್ಲಿಂದ ಕೆಳಗೆ ಇರೋದು ಕುದುರೆ ಬಾಲದ ಹಾಗೆ ಬಿಡಿಬಿಡಿಯಾದ ನರಗಳು. ನನ್ನ ಆಪರೇಷನ್ ಅದಕ್ಕಿಂತ ಎಷ್ಟೋ ಕೆಳಗೆ. ನರಕ್ಕೆ ಪೆಟ್ಟಾಗುವ ಸಣ್ಣ ಅಪಾಯ ಇದ್ದೇ ಇದೆ, ಆದರೆ ಊರಿನವರು ಹೆದರುವ ಹುರಿ ಅಲ್ಲಿ ಇಲ್ಲವೇ ಇಲ್ಲ. ಎರಡೇ ಸಾಲು. ಆ ಎರಡು ಸಾಲು ಯಾವ ಹಾಳೆಯಲ್ಲೂ ಇರಲಿಲ್ಲ. ಅದರ ಬದಲು "ಪಾರ್ಶ್ವವಾಯು" ಅನ್ನೋ ಒಂಟಿ ಪದ ಇತ್ತು, ಅದು ಊರಿನ ಮಾತಿಗೆ ಸರ್ಕಾರಿ ಮೊಹರು ಒತ್ತಿದ ಹಾಗಿತ್ತು.

ಈ ಆಪರೇಷನ್ ಮುಖ್ಯವಾಗಿ ಕಾಲಿನ ನೋವಿಗೆ, ಸೊಂಟದ ನೋವು ಪೂರ್ತಿ ಹೋಗುತ್ತೆ ಅನ್ನೋ ಭರವಸೆ ಇಲ್ಲ, ನೂರರಲ್ಲಿ ಐದರಿಂದ ಹದಿನೈದು ಜನಕ್ಕೆ ಅದೇ ಡಿಸ್ಕು ಮತ್ತೆ ಚಾಚಬಹುದು. ಇವೂ ಇರಲಿಲ್ಲ. ಕೇಳಿದಾಗ ವೈದ್ಯರು ಚೆನ್ನಾಗಿಯೇ ಹೇಳಿದರು. ಆದರೆ ಕೇಳಬೇಕು ಅಂತ ಗೊತ್ತಿರಬೇಕಲ್ಲ?

ಈಗ ಅವ್ವನ ಫೈಲು. ಇದು ಕನ್ನಡದಲ್ಲಿರೋದರಿಂದ ಇದರ ಸೋಲು ಇನ್ನೂ ಪಾಠ ಕಲಿಸುವಂಥದ್ದು.

ಸೂಚನೆಗಳ ಹಾಳೆಯ ಮೊದಲ ಸಾಲು: ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ 12ರ ನಂತರ ಉಪವಾಸ ಇರತಕ್ಕದ್ದು. ಶುದ್ಧ ಕನ್ನಡ, ತಪ್ಪೇ ಇಲ್ಲ ಅಂತೀರಿ. ಅವ್ವ ಓದಿಸಿ ಕೇಳಿದ್ದು ಇದು: "ಉಪಾಸ ಅಂದ್ರೆ ಹಾಲು-ಹಣ್ಣು ತಗಬೋದಲ್ಲೇನೇ?"

ನಮ್ಮೂರಲ್ಲಿ ಶಿವರಾತ್ರಿಗೆ, ಶ್ರಾವಣ ಸೋಮವಾರಕ್ಕೆ ಉಪವಾಸ ಅಂದ್ರೆ ಅನ್ನ, ಮುದ್ದೆ, ರೊಟ್ಟಿ ಬಿಡೋದು. ಹಾಲು ನಡೆಯುತ್ತೆ. ಬಾಳೆಹಣ್ಣು ನಡೆಯುತ್ತೆ. ಅವಲಕ್ಕಿ, ಉಪ್ಪಿಟ್ಟು ಕೂಡ ಎಷ್ಟೋ ಮನೆಯಲ್ಲಿ ನಡೆಯುತ್ತೆ. ಉಪವಾಸ ದೇವರ ಜೊತೆಗಿನ ವ್ಯವಹಾರ, ಹೊಟ್ಟೆ ಖಾಲಿ ಇಡುವ ವ್ಯವಹಾರ ಅಲ್ಲ. ಅರಿವಳಿಕೆಯ ಲೆಕ್ಕ ಬೇರೆ. ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಅದಕ್ಕೇ ಹೊಟ್ಟೆ ಖಾಲಿ ಇರಬೇಕು. ಹಾಲು ನೋಡೋಕೆ ನೀರಿನ ಹಾಗೆ, ಹೊಟ್ಟೆಯಲ್ಲಿ ಮಾತ್ರ ಊಟದ ಲೆಕ್ಕ. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿಯಲ್ಲಿ ಹಗುರ ಊಟಕ್ಕೂ ಹಾಲಿಗೂ ಆರು ಗಂಟೆ, ಬರೀ ನೀರಿನಂಥ ತಿಳಿ ದ್ರವಕ್ಕೆ ಎರಡು ಗಂಟೆ. ನಿಮ್ಮ ಅರಿವಳಿಕೆ ವೈದ್ಯರು ಹೇಳಿದ ಹೊತ್ತೇ ಕೊನೆಯ ಮಾತು, ಅದು ಬೇರೆ. ನಾನು ಹೇಳ್ತಿರೋದು ಪದದ ಬಗ್ಗೆ. "ಉಪವಾಸ" ಅನ್ನೋ ಪದ ನಿಘಂಟಿನಲ್ಲಿ ಸರಿ, ಶಿವನಿಯಲ್ಲಿ ಅಪಾಯಕಾರಿ. "ರಾತ್ರಿ ಹನ್ನೆರಡರ ಮೇಲೆ ಹಾಲು, ಕಾಫಿ, ಟೀ, ಹಣ್ಣು, ಎಲೆ-ಅಡಿಕೆ ಏನೂ ಬಾಯಿಗೆ ಹಾಕಬೇಡಿ. ನೀರು ಎಷ್ಟು ಹೊತ್ತಿನವರೆಗೆ ಕುಡೀಬಹುದು ಅಂತ ಡಾಕ್ಟರನ್ನ ಕೇಳಿ" ಅಂದಿದ್ದರೆ ಮುಗೀತಿತ್ತು.

ಎರಡನೇ ಸಾಲು: ರಕ್ತ ತೆಳುಗೊಳಿಸುವ ಔಷಧಿಗಳನ್ನು ಸೇವಿಸುತ್ತಿದ್ದಲ್ಲಿ ತಿಳಿಸತಕ್ಕದ್ದು. ಅವ್ವ ಇಲ್ಲ ಅಂತ ತಲೆ ಆಡಿಸಿದಳು. ಅವ್ವ ದಿನಾ ರಾತ್ರಿ ಊಟದ ಮೇಲೆ ಆಸ್ಪಿರಿನ್ ಇರುವ ಮಾತ್ರೆ ತಗೋತಾಳೆ. ಅವಳ ಪ್ರಕಾರ ಅದು "ಹಾರ್ಟಿನ ಮಾತ್ರೆ". ರಕ್ತ ತೆಳು ಆಗೋದು ಅಂದ್ರೆ ಅವಳ ಮನಸ್ಸಿನಲ್ಲಿ ರಕ್ತ ಕಡಿಮೆ ಆಗೋದು, ಅದಕ್ಕೆ ಯಾರಾದ್ರೂ ಮಾತ್ರೆ ತಗೋತಾರಾ? ಮಾತ್ರೆಗಳ ಚೀಲವನ್ನೇ ತಂದು ಮೇಜಿನ ಮೇಲೆ ಸುರಿದ ಮೇಲೆ ವಿಷಯ ತಿಳೀತು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಅಂತ ವೈದ್ಯರೇ ಹೇಳಿದರು, ಅದನ್ನು ನಾವು ಸ್ವಂತಕ್ಕೆ ತೀರ್ಮಾನ ಮಾಡೋ ಹಾಗಿಲ್ಲ. ಮಂಡಿನೋವಿಗೆ ಅಂತ ಕುಡಿಯುತ್ತಿದ್ದ ನಾಟಿ ಔಷಧಿಯ ಬಗ್ಗೆ ಹಾಳೆ ಕೇಳಲೇ ಇಲ್ಲ. ಹಾಳೆ ಬರೆದವರ ಲೋಕದಲ್ಲಿ ನಾಟಿ ಔಷಧಿ ಇಲ್ಲ, ಅವ್ವನ ಲೋಕದಲ್ಲಿ ಅದು ಔಷಧಿ ಅಂತಲೇ ಲೆಕ್ಕ ಇಲ್ಲ. "ಬಾಯಿಗೆ ಹಾಕೋ ಮಾತ್ರೆ, ಪುಡಿ, ಕಷಾಯ ಎಲ್ಲಾನೂ ಒಂದು ಚೀಲದಲ್ಲಿ ಹಾಕ್ಕೊಂಡು ಬನ್ನಿ" ಅನ್ನೋ ಒಂದು ವಾಕ್ಯ ಎರಡು ಲೋಕವನ್ನೂ ಹಿಡಿಯುತ್ತಿತ್ತು.

ಪದಗಳ ವಿಷಯದಲ್ಲಿ ತಪ್ಪೆಲ್ಲ ಆಸ್ಪತ್ರೆಯದ್ದೇ ಅಂತಲೂ ಹೇಳೋ ಹಾಗಿಲ್ಲ. ನಮ್ಮ ಕಡೆ ಎಲ್ಲರೂ ಅನ್ನೋದು "ಮಂಡಿ ಚಿಪ್ಪು ಬದಲಾಯ್ಸೋದು". ಅವ್ವ ತಿಳಿದುಕೊಂಡಿದ್ದೂ ಹಾಗೇ: ಮುಂದಿರೋ ಚಿಪ್ಪು ಬಿಚ್ಚಿ, ಹೊಸದು ಕೂರಿಸ್ತಾರೆ. ನಿಜಕ್ಕೂ ಮಾಡೋದು ತೊಡೆಮೂಳೆಯ ತುದಿಯನ್ನೂ ಕಣಕಾಲು ಮೂಳೆಯ ತಲೆಯನ್ನೂ ಕೆಲವು ಮಿಲಿಮೀಟರ್ ಸವರಿ, ಸವೆದ ಮೇಲ್ಮೈ ತೆಗೆದು, ಎರಡಕ್ಕೂ ಲೋಹದ ಕವಚ ಹಾಕಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡೋದು. ಚಿಪ್ಪು ಸಾಮಾನ್ಯವಾಗಿ ಅವರವರದೇ ಉಳಿಯುತ್ತೆ, ಕೆಲವೊಮ್ಮೆ ಅದರ ಒಳಮೈಗೆ ಮಾತ್ರ ಪ್ಲಾಸ್ಟಿಕ್ ಹಾಕ್ತಾರೆ. ಸವೆದ ಗಾಡಿಚಕ್ರಕ್ಕೆ ಹೊಸ ಪಟ್ಟಿ ಹೊಡೆಸಿದ ಹಾಗೆ ಅಂತ ನಾನು ಹೇಳಿದ್ಮೇಲೆ ಅವ್ವನಿಗೆ ಗೊತ್ತಾಯ್ತು. ಒಂದು ಚಿತ್ರ ಬರೆದುಕೊಟ್ಟಿದ್ದರೆ ಅದೂ ಬೇಕಾಗಿರಲಿಲ್ಲ.

ಆದರೆ ಆ ಫೈಲಿನ ನಿಜವಾದ ಲೋಪ ಅದರಲ್ಲಿ ಬರೆದಿರುವುದರಲ್ಲಿ ಇಲ್ಲ, ಬಿಟ್ಟಿರುವುದರಲ್ಲಿ ಇದೆ. ಅದು ನೆಲ.

ಅವ್ವನ ಬದುಕು ನಡೆಯೋದು ನೆಲದ ಮೇಲೆ. ಈಳಿಗೆಮಣೆ ನೆಲದ ಮೇಲೆ, ರೊಟ್ಟಿ ಬಡಿಯೋದು ನೆಲದ ಮೇಲೆ, ಅಡಿಕೆ ಆರಿಸೋದು ನೆಲದ ಮೇಲೆ, ಊಟ, ಪೂಜೆ, ಹಾಲು ಕರೆಯೋದು, ಬಯಲಲ್ಲಿ ಕೂತು ಹರಟೋದು, ಎಲ್ಲಾ. ಬದಲಾಯಿಸಿದ ಮಂಡಿ ಸಾಮಾನ್ಯವಾಗಿ 110-120 ಡಿಗ್ರಿಯವರೆಗೆ ಮಡಚುತ್ತೆ. ಕುರ್ಚಿಗೆ, ಮೆಟ್ಟಿಲಿಗೆ ಅದು ಧಾರಾಳ. ಕುಕ್ಕರಗಾಲಿಗೆ ಸಾಲದು, ಬಹಳಷ್ಟು ವೈದ್ಯರು ನೆಲದ ಮೇಲೆ ಕೂರೋದು ಬೇಡ ಅಂತಲೇ ಹೇಳ್ತಾರೆ. ಅಂದ್ರೆ ನೋವು ಹೋಗುತ್ತೆ, ಜೊತೆಗೆ ನೆಲವೂ ಹೋಗುತ್ತೆ. ಇದು ಸಣ್ಣ ಬದಲಾವಣೆ ಅಲ್ಲ. ಮಂಡಿ ಬದಲಾಯಿಸಿಕೊಂಡ ಐವರಲ್ಲಿ ಸುಮಾರು ಒಬ್ಬರು ಫಲಿತಾಂಶದ ಬಗ್ಗೆ ಪೂರ್ತಿ ಸಮಾಧಾನ ಇಲ್ಲ ಅಂತ ಹೇಳೋದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ, ಅದಕ್ಕೊಂದು ಮುಖ್ಯ ಕಾರಣ ಮೊದಲೇ ಇಟ್ಟುಕೊಂಡ ನಿರೀಕ್ಷೆ. ನೆಲದ ಮೇಲೆ ಬದುಕುವವರಿಗೆ ಈ ಮಾತನ್ನು ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ ಹೇಳಬೇಕು. ಕಾಗದದಲ್ಲಿ ಇದ್ದದ್ದು "ಚಲನೆಯಲ್ಲಿ ಮಿತಿ ಉಂಟಾಗಬಹುದು" ಎಂಬ ಮೂರು ಪದ.

ನಿಜವಾದ ತಯಾರಿ ಎಲ್ಲಿಂದ ಬಂತು ಗೊತ್ತಾ? ವಾರ್ಡಿನ ಆಯಾ ಒಬ್ಬರಿಂದ. ಅಡ್ಮಿಟ್ ಆಗೋ ಎರಡು ವಾರ ಮುಂಚೆ ರಕ್ತಪರೀಕ್ಷೆಗೆ ಹೋದಾಗ ಅವರು ಅವ್ವನ್ನ ಕೂರಿಸಿಕೊಂಡು ಕೇಳಿದರು: "ಮನೇಲಿ ಪಾಯಿಖಾನೆ ಯಾವ ಥರದ್ದಮ್ಮ? ಕೂರೋ ಕಮೋಡ್ ಹಾಕ್ಸಿಬಿಡಿ ಮೊದ್ಲು. ಮಂಚ ಎತ್ತರ ಇದ್ಯಾ? ಬಚ್ಚಲಲ್ಲಿ ಹಿಡ್ಕಣಕ್ಕೆ ಏನಾದ್ರೂ ಇದ್ಯಾ? ಹಿಮ್ಮಡಿ ಒಡೆದೈತಲ್ಲ, ಗಾಯ ಇದ್ರೆ ಡಾಕ್ಟ್ರಿಗೆ ತೋರ್ಸಿ, ಅಲ್ಲಿಂದ ಕೀವು ಏರುತ್ತೆ." ಐದು ವಾಕ್ಯ. ಕರ್ತೃ ಇದೆ, ಕ್ರಿಯೆ ಇದೆ, ಕಾರಣ ಇದೆ. ಚರ್ಮದ ಗಾಯ, ಹಲ್ಲಿನ ಹುಳುಕು, ಉಚ್ಚೆಯ ಸೋಂಕು, ಹತೋಟಿ ತಪ್ಪಿದ ಸಕ್ಕರೆ, ಇವೆಲ್ಲ ಹೊಸ ಕೀಲಿಗೆ ಸೋಂಕು ತರಬಹುದು. ನೂರಕ್ಕೆ ಒಬ್ಬಿಬ್ಬರಿಗೇ ಆದರೂ ಆದವರಿಗೆ ಎಲ್ಲ ಬಿಚ್ಚಿ ಮತ್ತೆ ಮಾಡಬೇಕಾಗಬಹುದು. ಇಡೀ ಫೈಲಿಗಿಂತ ಆ ಆಯಾ ಒಳ್ಳೆ ಗದ್ಯ ಬರೆಯಬಲ್ಲರು. ಅವರಿಗೆ ಯಾರೂ ಪೆನ್ನು ಕೊಟ್ಟಿಲ್ಲ.

ಖರ್ಚಿನ ಅಂದಾಜು ಅನ್ನೋ ಹಾಳೆಯ ಬಗ್ಗೆ ಎರಡು ಮಾತು. ಅದರಲ್ಲಿ ಎಲ್ಲ ಸೇರಿಸಿ "ಪ್ಯಾಕೇಜ್" ಅಂತ ಒಂದೇ ಅಂಕಿ. 2017ರ ಆಗಸ್ಟಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚು ಬಳಸುವ ಕೋಬಾಲ್ಟ್-ಕ್ರೋಮಿಯಂ ಮಾದರಿಗೆ ಆಗ ಇಟ್ಟ ಮಿತಿ 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೆ ಮುಂಚೆ ಅದೇ ವಸ್ತು ಒಂದೂವರೆ ಲಕ್ಷ ದಾಟುತ್ತಿತ್ತು. ಹಾಗಾಗಿ ಇಂಪ್ಲಾಂಟಿನ ಬೆಲೆಯನ್ನು ಬೇರೆಯಾಗಿ ಬರೆದುಕೊಡಿ ಅಂತ ಕೇಳೋದು ಒರಟುತನ ಅಲ್ಲ. ಇಂಪ್ಲಾಂಟಿನ ಡಬ್ಬಿಯ ಮೇಲಿನ ಸ್ಟಿಕ್ಕರನ್ನೂ ಕೇಳಿ ಇಸಿದುಕೊಳ್ಳಿ. 2010ರಲ್ಲಿ ಡೆಪ್ಯೂ ಕಂಪನಿ ತನ್ನ ಎಎಸ್‌ಆರ್ ಎಂಬ ಸೊಂಟದ ಕೀಲನ್ನು ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡಿತು. ನಮ್ಮ ದೇಶದಲ್ಲಿ ಅದನ್ನು ಹಾಕಿಸಿಕೊಂಡ ಸಾವಿರಾರು ಜನರ ಪತ್ತೆಯೇ ಸಿಗಲಿಲ್ಲ. ಒಳಗೆ ಏನು ಕೂತಿದೆ ಅಂತ ಹೇಳೋದು ಆ ಪುಟ್ಟ ಸ್ಟಿಕ್ಕರ್ ಒಂದೇ. ಇಡೀ ಫೈಲಿನಲ್ಲಿ ಜೋಪಾನವಾಗಿಡಬೇಕಾದ ಗದ್ಯ ಅಂದ್ರೆ ಅದು.

ಇನ್ನು ಸಹಿ. ಅವ್ವನಿಗೆ ಓದಲು ಬರುತ್ತೆ, ನಿಧಾನಕ್ಕೆ. ಸಹಿ ಮಾಡ್ತಾಳೆ. ಸಹಕಾರ ಸಂಘದ ಸಾಲಕ್ಕೆ ತಾನೇ ಸಹಿ ಹಾಕಿ ತಾನೇ ತೀರಿಸಿದವಳು. ಆದರೆ ಕೌಂಟರಿನಲ್ಲಿದ್ದವರು ಫಾರಂ ಅನ್ನು ಅವಳ ಕಡೆ ತಿರುಗಿಸಲೇ ಇಲ್ಲ. ನನ್ನ ಕಡೆ ಚಾಚಿ, "ಗಂಡುಮಕ್ಕಳು ಯಾರೂ ಬಂದಿಲ್ವಾ? ಸರಿ, ನೀವೇ ಹಾಕಿ" ಅಂದರು. 2008ರ ತೀರ್ಪು ಬಂದಿದ್ದು ಇಂಥದ್ದೇ ವಿಷಯಕ್ಕೆ, ಅಲ್ಲಿ ತಾಯಿ ಮಗಳ ಪರ ಒಪ್ಪಿದ್ದರು, ಇಲ್ಲಿ ಮಗಳು ತಾಯಿಯ ಪರ ಒಪ್ಪಬೇಕಂತೆ. ಮಂಡಿ ಅವಳದ್ದು, ಅವಳೇ ಹಾಕ್ತಾಳೆ ಅಂದೆ. ಅವ್ವ ಕನ್ನಡಕ ಹುಡುಕಿಕೊಂಡು ಓದೋಕೆ ಕೂತಳು. ಹಿಂದೆ ಕ್ಯೂ ಬೆಳೆಯಿತು. ಫಾರಂನ ಭಾಷೆ ಎಷ್ಟು ಕೆಟ್ಟದ್ದು ಅಂತ ಆ ಕ್ಯೂನಲ್ಲಿ ನಿಂತಿದ್ದ ಎಲ್ಲರಿಗೂ ಅವತ್ತು ಗೊತ್ತಾಯ್ತು ಅನ್ಸುತ್ತೆ. ಎರಡು ಪುಟಕ್ಕೆ ಇಪ್ಪತ್ತು ನಿಮಿಷ.

ವೈದ್ಯರ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ಹೊರಗೆ ಐವತ್ತು-ಅರವತ್ತು ಜನ ಕಾಯುತ್ತಿರುವಾಗ ಒಬ್ಬೊಬ್ಬರಿಗೂ ಆರು ಪ್ರಶ್ನೆಗೆ ಉತ್ತರ ಕೊಡೋದು ಸುಲಭ ಅಲ್ಲ. ಏನಾದರೂ ಆದರೆ ಗಾಜು ಒಡೆಯುವ ಜನ ಇದ್ದಾರೆ, ಕೇಸು ಹಾಕುವವರು ಇದ್ದಾರೆ. ಹೆದರಿದವರ ಭಾಷೆ "ಲಾಗಿದೆ" ಆಗುತ್ತೆ, ನಿಜ. ಆದರೆ ಸಮಯ ಇಲ್ಲ ಅನ್ನೋದೇ ಕಾಗದ ಚೆನ್ನಾಗಿರಬೇಕು ಅನ್ನೋದಕ್ಕೆ ದೊಡ್ಡ ಕಾರಣ. ಬಾಯಿಗೆ ಪುರುಸೊತ್ತಿಲ್ಲದಾಗಲೇ ಅಲ್ಲವೇ ಬರಹ ಬೇಕಾಗೋದು?

ಆಗಲ್ಲ ಅಂತೇನಿಲ್ಲ. ಆಪರೇಷನ್ ಥಿಯೇಟರಿನ ಒಳಗೇ ಒಂದು ಅದ್ಭುತವಾದ ಕಾಗದ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿ. ಒಂದೇ ಪುಟ, 19 ಅಂಶ. ಮತ್ತು ಕೊಡುವ ಮುಂಚೆ, ಕೊಯ್ಯುವ ಮುಂಚೆ, ಹೊರಗೆ ಕಳಿಸುವ ಮುಂಚೆ ಜೋರಾಗಿ ಓದಬೇಕು. ಮೊದಲ ಅಂಶವೇ ರೋಗಿಯ ಬಾಯಿಂದ ಹೇಳಿಸೋದು: ನಿಮ್ಮ ಹೆಸರೇನು, ಯಾವ ಕಡೆಗೆ, ಏನು ಆಪರೇಷನ್, ಒಪ್ಪಿಗೆ ಇದೆಯಾ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ 1.5 ಶೇಕಡದಿಂದ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ಕೆಲಸಕ್ಕೆ ಬರುವ ಗದ್ಯ ಹೇಗಿರುತ್ತೆ ಅನ್ನೋದಕ್ಕೆ ಇದು ಮಾದರಿ. ಇದನ್ನು ಬರೆದವರು ಓದುವವರ ಅವಸರವನ್ನು ತಲೆಯಲ್ಲಿಟ್ಟುಕೊಂಡು ಬರೆದಿದ್ದಾರೆ.

ಕನ್ನಡಕ್ಕೂ ಇದು ಹೊಸದಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ 'ತಾಯಿ-ಮಗು', 'ಕೇಳು ಕಿಶೋರಿ'ಯಂಥ ಪುಸ್ತಕಗಳನ್ನು ಬರೆದದ್ದು ಹೆಣ್ಣುಮಕ್ಕಳು ತಾವೇ ಓದಿಕೊಳ್ಳಲಿ ಅಂತ. ವೈದ್ಯ ಎಂ. ಶಿವರಾಂ, ನಮ್ಮ 'ರಾಶಿ', 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅಂದರೆ ರೋಗಿಯ ಜೊತೆ ಮಾತಾಡುವ ಕನ್ನಡ ಗದ್ಯ ನಮ್ಮಲ್ಲಿ ಇತ್ತು, ಪ್ರಶಸ್ತಿ ಪಡೆಯುವಷ್ಟು ಚೆನ್ನಾಗಿತ್ತು. ಅದು ಪುಸ್ತಕದಂಗಡಿಯಿಂದ ಆಸ್ಪತ್ರೆಯ ಕೌಂಟರಿಗೆ ನಡೆದುಬರಲಿಲ್ಲ, ಅಷ್ಟೇ.

ವಿಮರ್ಶಕರಿಗೆ ಒಂದು ಹಳೇ ಸವಾಲಿದೆಯಲ್ಲ, "ನೀನು ಬರೆದು ತೋರಿಸು" ಅಂತ. ಹಾಗಾಗಿ ಫಿಸಿಯೋಥೆರಪಿಸ್ಟ್ ಮತ್ತು ಆ ಆಯಾ ಹೇಳಿದ್ದನ್ನು ಸೇರಿಸಿ, ವೈದ್ಯರಿಗೆ ತೋರಿಸಿ ತಿದ್ದಿಸಿಕೊಂಡು ಅವ್ವನಿಗೆ ಒಂದು ಪುಟ ಬರೆದುಕೊಟ್ಟೆ. ಅದರ ಒಂದು ಭಾಗ:

"ಅವ್ವ, ನಿನ್ನ ಬಲಗಾಲಿನ ಮಂಡಿಗೆ ಆಪರೇಷನ್. ಡಾಕ್ಟರು ಕಾಲಿನ ಮೇಲೆ ಪೆನ್ನಲ್ಲಿ ಗುರುತು ಹಾಕ್ತಾರೆ, ಬಲಗಾಲಿಗೇ ಹಾಕಿದಾರಾ ನೋಡಿಕೋ. ಸೊಂಟಕ್ಕೆ ಒಂದು ಇಂಜೆಕ್ಷನ್ ಕೊಡ್ತಾರೆ, ಕಾಲು ಮರಗಟ್ಟುತ್ತೆ. ಅದರಿಂದ ಜೀವನಪೂರ್ತಿ ಸೊಂಟನೋವು ಬರಲ್ಲ, ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ನಿನಗೆ ಎಚ್ಚರ ಇರಬಹುದು. ಒಳಗೆ ಬಡಗಿ ಕೆಲಸದ ಥರ ಸದ್ದು ಕೇಳುತ್ತೆ, ಕುಟ್ಟೋದು, ಕೊಯ್ಯೋದು. ಹೆದರಬೇಡ, ನೋವಾಗಲ್ಲ. ಬೇಡ ಅನ್ನಿಸಿದರೆ ನಿದ್ದೆ ಬರೋ ಥರ ಕೊಡಿ ಅಂತ ಕೇಳು. ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸ್ತಾರೆ. ನೋವಾಗುತ್ತೆ. ಆದರೂ ನಿಲ್ಲಬೇಕು. ಈಗಿನಿಂದಲೇ ದಿನಾ ಮೂರು ಸಲ ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿ ಹಿಡಿದು ಐದು ಎಣಿಸು. ಪಾದ ಮೇಲೆ ಕೆಳಗೆ ಆಡಿಸು, ಅದರಿಂದ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಕಡಿಮೆ ಆಗುತ್ತೆ. ಆಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲ. ಇದು ನಿನಗೆ ಒಪ್ಪಿಗೆನಾ, ಯೋಚನೆ ಮಾಡು. ಬೇಡ ಅಂದ್ರೂ ಯಾರೂ ಬೈಯಲ್ಲ. ಮಾತ್ರೆ, ಕೋಲು, ವ್ಯಾಯಾಮದಲ್ಲಿ ಇನ್ನೂ ಸ್ವಲ್ಪ ದಿನ ತಳ್ಳಬಹುದು, ಆದರೆ ಸವೆದದ್ದು ಮತ್ತೆ ಬೆಳೆಯಲ್ಲ."

ಇದು ಸಾಹಿತ್ಯ ಅಲ್ಲ, ಗೊತ್ತು. ಇದಕ್ಕೆ ಒಂದೇ ಪರೀಕ್ಷೆ: ಓದಿದ ಮೇಲೆ ಓದಿದವರು ಅದನ್ನು ತಮ್ಮ ಮಾತಿನಲ್ಲಿ ವಾಪಸ್ ಹೇಳಬಲ್ಲರಾ? "ಅರ್ಥ ಆಯ್ತಾ?" ಅಂತ ಕೇಳಿದರೆ ನಮ್ಮ ಕಡೆಯವರು ಡಾಕ್ಟರಿಗೆ ಯಾವತ್ತೂ "ಇಲ್ಲ" ಅನ್ನಲ್ಲ, ಮರ್ಯಾದೆ. "ಮನೆಗೆ ಹೋಗಿ ಏನಂತ ಹೇಳ್ತೀರಿ?" ಅಂತ ಕೇಳಿದರೆ ಗೊತ್ತಾಗುತ್ತೆ. ಅವ್ವ ವಾಪಸ್ ಹೇಳಿದಳು, ನೆಲದ ವಿಷಯ ಬಂದಾಗ ಸುಮ್ಮನಾದಳು. ಎರಡು ದಿನ ಟೈಮ್ ತಗೊಂಡಳು. ಮೂರನೇ ದಿನ ಫೋನ್ ಮಾಡಿ, "ರೊಟ್ಟಿ ಕಟ್ಟೆ ಮೇಲೆ ನಿಂತ್ಕಂಡು ಬಡಿಯೋದು ಕಲೀಬೇಕು ಕಣೇ, ಒಲೆ ಕಟ್ಟೆ ಎತ್ತರ ಮಾಡ್ಸು" ಅಂದಳು. ನನ್ನ ಮಟ್ಟಿಗೆ ಒಪ್ಪಿಗೆ ಪತ್ರ ಅಂದ್ರೆ ಆ ವಾಕ್ಯ. ಫಾರಂ ಮೇಲಿನ ಸಹಿ ಅದಾದ ಮೇಲಿನದ್ದು.

ನೀವು ಈಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಇದನ್ನು ಓದುತ್ತಿದ್ದರೆ, ಊರಲ್ಲಿ ಯಾರದ್ದೋ ಮಂಡಿ, ಯಾರದ್ದೋ ಸೊಂಟ ಸವೆಯುತ್ತಾ ಇರುತ್ತೆ. ಒಂದಲ್ಲ ಒಂದು ದಿನ ಆ ಫಾರಂ ನಿಮ್ಮ ಕಡೆಗೇ ಚಾಚುತ್ತಾರೆ, ಯಾಕೆಂದರೆ ಇಂಗ್ಲಿಷ್ ಬರೋದು ನಿಮಗೆ. ಅದನ್ನು ಯಾರ ಮೂಳೆಯೋ ಅವರ ಕಡೆಗೆ ತಿರುಗಿಸಿ. ಪಕ್ಕದಲ್ಲಿ ಕೂತು ಆರು ಪ್ರಶ್ನೆ ಕೇಳಿ. ಹಿಂದೆ ಕ್ಯೂ ಬೆಳೆದರೆ ಬೆಳೆಯಲಿ.